ಒತ್ತಲೋ ಬೇಡವೋ

ನನಗೀಗ ಅರವತ್ತೊಂಬತ್ತು. ನಂಗಲಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸ್ಕೂಟರು ನುಗ್ಗಿಸುವ ಧೈರ್ಯ ಇನ್ನೂ ಇದೆ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಪುಟ್ಟದೊಂದು ಚೌಕ ಮೂಡಿ ಏನನ್ನಾದರೂ ಕೇಳಿತೆಂದರೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅದೇನೂ ಆಸ್ತಿ ಬರೆದುಕೊಡು ಎಂದು ಕೇಳುವುದಿಲ್ಲ. ಹೌದೋ ಬೇಡವೋ ಎಂದಷ್ಟೇ ಕೇಳುತ್ತದೆ. ನಾನು ಪ್ರತಿ ಸಲವೂ ಬೇಡ ಎಂದೇ ಒತ್ತುತ್ತಿದ್ದೆ.

ಇದಕ್ಕೆ ನನ್ನ ಉದ್ಯೋಗವೇ ಕಾರಣ ಎಂಬುದು ನನ್ನ ವಾದ. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಡತ ಕಾಯ್ದವನು ನಾನು. ಗುಮಾಸ್ತನಾದವನು ತಾನಾಗಿ ಹೌದು ಎನ್ನುವ ಪದ್ಧತಿ ಅಲ್ಲಿಲ್ಲ. ವಿಷಯವನ್ನೆಲ್ಲ ಬರೆದು, ಕೊನೆಗೆ 'ಆದೇಶಕ್ಕಾಗಿ ಮಂಡಿಸಿದೆ' ಎಂದು ಸಹಿ ಹಾಕಿ ಮೇಲಕ್ಕೆ ಕಳಿಸಿದರೆ ಮುಗಿಯಿತು. ಮೇಲಿನವರು ಇನ್ನೂ ಮೇಲಕ್ಕೆ ಕಳಿಸುವರು. ಉತ್ತರ ಕೆಳಗಿಳಿಯುವಷ್ಟರಲ್ಲಿ ಕೇಳಿದವನು ನಿವೃತ್ತನಾಗಿರುತ್ತಿದ್ದ. ಕಂಪ್ಯೂಟರಿಗೆ ಈ ಶಿಷ್ಟಾಚಾರ ಗೊತ್ತಿಲ್ಲ. ಈಗಲೇ ಹೇಳು ಎನ್ನುತ್ತದೆ. ಮೇಲಧಿಕಾರಿ ಯಾರೆಂದು ಹುಡುಕಿದರೆ ಮನೆಯಲ್ಲಿ ಹೆಂಡತಿ ಸರೋಜ ಒಬ್ಬಳೇ. "ಯಾವ್ದೋ ಒಂದು ಒತ್ರೀ, ಅದೇನು ಕಚ್ತದಾ?" ಎಂದು ಅವಳು ಅಡುಗೆಮನೆಯಿಂದಲೇ ಆದೇಶ ಹೊರಡಿಸುತ್ತಾಳೆ. ಲಿಖಿತವಲ್ಲದ ಕಾರಣ ನಾನು ಅದನ್ನು ಜಾರಿ ಮಾಡುತ್ತಿರಲಿಲ್ಲ.

ಯೋಚಿಸಿದರೆ, ಹೌದು ಬೇಡಗಳ ಭಾರವನ್ನು ಮನುಷ್ಯ ಎಂದೂ ಒಬ್ಬನೇ ಹೊತ್ತಿಲ್ಲ. ನಮ್ಮ ಹಿರಿಯರು ಹೆಣ್ಣು ಕೊಡಲೋ ಬೇಡವೋ, ಬಾವಿ ತೋಡಲೋ ಬೇಡವೋ ಎಂದು ದೇವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಬಲಗಡೆ ಹೂ ಬಿದ್ದರೆ ಹೌದು, ಎಡಗಡೆ ಬಿದ್ದರೆ ಬೇಡ. ಹೂ ಬೀಳದಿದ್ದರೆ ಗೋಡೆಯ ಹಲ್ಲಿಯಾದರೂ ಲೊಚಗುಟ್ಟಿ ಸಹಾಯ ಮಾಡುತ್ತಿತ್ತು. ಈ ಪೆಟ್ಟಿಗೆಯಲ್ಲಿ ಎಲ್ಲ ತಿರುಗುಮುರುಗು. ದೇವರೇ ಭಕ್ತನನ್ನು ಕೇಳಿ, ಕಣ್ಣು ಮಿಟುಕಿಸದೆ ಕಾಯುತ್ತಾನೆ.

ಹಾಗಾದರೆ ಕಂಪ್ಯೂಟರಿನಲ್ಲಿ ಬರೆಯಲು ಏಕೆ ಕೂತೆ ಅನ್ನುತ್ತೀರಿ. ನನ್ನ ಸೋದರತ್ತೆ ಮುನಿವೆಂಕಟಮ್ಮನಿಗಾಗಿ. ದೇವರಾಯಸಮುದ್ರದಲ್ಲಿ ಮಗ ಸೊಸೆಯರ ಜೊತೆ ಇದ್ದಾಳೆ, ವಯಸ್ಸು ಎಂಬತ್ತನಾಲ್ಕು. ಮದುವೆಯಲ್ಲಿ ಬೀಗರನ್ನು ಗೇಲಿ ಮಾಡುವ ಹಾಡುಗಳು ಅವಳ ಬಾಯಲ್ಲಿವೆ: ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ತರಲೆ. ಅವನ್ನು ಬಲ್ಲವರು ಈಗ ಬೇರೆ ಯಾರೂ ಉಳಿದಿಲ್ಲ. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಎರಡು ದಿನ ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಇವಳ ಜೊತೆಗೆ ಅಷ್ಟೂ ಹಾಡು ಹೋಗಿಬಿಡುತ್ತವೆ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಫೋನಿನಲ್ಲಿ ಹಿಡಿಯೋಣವೆಂದರೆ, ಅದು ಎದುರಿಗಿದ್ದರೆ ಬಾಯೇ ಬರುವುದಿಲ್ಲ ಎನ್ನುತ್ತಾಳೆ. ಕಾಗದದಲ್ಲಿ ಬರೆದರೆ ಈಗ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಹಾಗಾಗಿ ಮಗಳು ಎರಡು ವರ್ಷದ ಹಿಂದೆ ಬಿಟ್ಟುಕೊಟ್ಟ, ಪೇಪರು ಓದಲಷ್ಟೇ ತೆರೆಯುತ್ತಿದ್ದ ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ.

ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಮನೆ ತಣ್ಣಗಾದ ಮಧ್ಯಾಹ್ನಗಳಲ್ಲಿ ಅತ್ತೆ ಹಾಡಿದಳು, ನಾನು ಎರಡು ಬೆರಳಿನಲ್ಲಿ ಕುಟ್ಟಿದೆ. ಸಂಜೆ ಬರೇ ಮುಚ್ಚಳ ಮುಚ್ಚಿ ತರುತ್ತಿದ್ದೆ. ಮರುದಿನ ತೆರೆದರೆ ಬರೆದದ್ದು ಹಾಗೇ ಇರುತ್ತಿತ್ತು. ಮೂರನೆಯ ದಿನಕ್ಕೆ ಹನ್ನೊಂದು ಹಾಡು ಮುಗಿದವು. ಇನ್ನು ಶಿಸ್ತಾಗಿ ಮುಚ್ಚೋಣವೆಂದು ಮೂಲೆಯ ಇಂಟು ಗುರುತು ಒತ್ತಿದೆ. ಚೌಕ ಬಂತು. ಬರೆದದ್ದನ್ನು ಉಳಿಸಲೇ ಎಂದು ಮರ್ಯಾದೆಯಿಂದಲೇ ಕೇಳಿತು. ನಾನು ಓದಿ ಮುಗಿಸುವ ಮೊದಲೇ ನನ್ನ ಬೆರಳು ಅಭ್ಯಾಸಬಲದಿಂದ ಬೇಡ ಎಂದುಬಿಟ್ಟಿತು.

ಸೇವೆಯಲ್ಲಿ ಒಂದು ಹಾಳೆಯನ್ನೂ ಕಳೆಯದವನು ಒಂದು ಬೆರಳಿನಲ್ಲಿ ಹನ್ನೊಂದು ಹಾಡು ಕಳೆದಿದ್ದೆ. ಅತ್ತೆಗೆ ಹೇಳದೆ ಮನೆಗೆ ಬಂದು, ಕಂಪ್ಯೂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಾಚಿಕೆಗೆ ಕಣ್ಣಲ್ಲಿ ನೀರೇ ಬಂತು. ನಮ್ಮ ವಯಸ್ಸಿಗೆ ಇವೆಲ್ಲ ಅಲ್ಲ ಎಂದು ಹದಿನೈದು ದಿನ ಊರವರಿಗೆಲ್ಲ ಉಪದೇಶ ಮಾಡಿದೆ. ಹದಿನಾರನೆಯ ದಿನ ಸರೋಜ ಬೀರು ತೆಗೆದು ಟವೆಲಿನ ಗಂಟನ್ನು ನನ್ನ ಕೈಗಿಟ್ಟಳು.

ಅತ್ತೆ ನನ್ನ ತಪ್ಪೊಪ್ಪಿಗೆಯನ್ನು ಎಲೆಯಡಿಕೆ ಜಗಿಯುತ್ತ ಕೇಳಿದಳು. "ಪೋನೀರಾ, ಹೋಗ್ಲಿ ಬಿಡೋ! ಎಲ್ಲೋಯ್ತು? ನನ್ನ ಬಾಯಲ್ಲೇ ಐತಲ್ಲ," ಎಂದವಳು ಲ್ಯಾಪ್‌ಟಾಪನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. "ಇದೇನ್ಲಾ? ಇದು ಒತ್ತಿದ್ರೆ ಏನಾಗ್ತದೆ?"

"ಅತ್ತೇ, ಸುಮ್ನೆ ಮುಟ್ಟಬೇಡ!"

"ಮುಟ್ಟದೆ ಹೆಂಗೋ ಗೊತ್ತಾಗ್ತದೆ?" ಎಂದು ಸಿಕ್ಕಿದ್ದನ್ನೆಲ್ಲ ಒತ್ತಿದಳು. ಇದ್ದಕ್ಕಿದ್ದಂತೆ ಅಕ್ಷರಗಳು ಹಲಸಿನ ಬೀಜದಷ್ಟಾದವು. "ಆಹಾ, ಈಗ ಕಾಣ್ತದೆ ನೋಡು." ಎರಡು ವರ್ಷದಿಂದ ನಾನು ಪರದೆಗೆ ಮೂಗು ತಾಗಿಸಿ ಓದುತ್ತಿದ್ದೆ. ಅಕ್ಷರ ದೊಡ್ಡದಾಗುತ್ತದೆಂಬ ಸಂಗತಿಯನ್ನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎರಡು ನಿಮಿಷದಲ್ಲಿ ಕಂಡುಹಿಡಿದಳು.

ಮತ್ತೆ ಹಾಡಿದಳು. ಮಾತುಗಳು ಬೇರೆಯಾಗಿದ್ದವು. ಹೋದ ಸಲ ಹೀಗಿರಲಿಲ್ಲ ಎಂದು ಆಕ್ಷೇಪಿಸಿದೆ. "ಮದ್ವೆಗೊಬ್ರು ಬೀಗ್ರು ಕಣೋ. ಹಾಡಿದ್ದೇ ಹಾಡಿದ್ರೆ ಅವ್ರಿಗೆ ರೋಷ ಬರ್ತದಾ?" ಎಂದು ನಕ್ಕಳು. ಹನ್ನೊಂದೂ ಮುಗಿದ ಮೇಲೆ ಒಂದು ಗಳಿಗೆ ನನ್ನನ್ನೇ ನೋಡಿ, ಇನ್ನೊಂದಿದೆ, ಬರಕೋ ಎಂದು ರಾಗ ತೆಗೆದಳು:

ಬಂದಾನೆ ನಮ್ಮಳಿಯ ಪೆಟ್ಟಿಗೆ ಹೊತ್ಕೊಂಡು
ಹಾಡೆಲ್ಲ ತುಂಬ್ಕೊಂಡು ಮೀಸೇಯ ತಿರುಕ್ಕೊಂಡು
ಬೇಡಾಂತ ಬೆರಳಿಟ್ಟ, ಬೀದೀಗೆ ಚೆಲ್ಬಿಟ್ಟ
ಏಮಿ ತೆಲಿವಿರಾ ನಾಯ್ನಾ, ಏಮಿ ತೆಲಿವಿ!

ಎಂಥಾ ಬುದ್ಧಿವಂತನಪ್ಪಾ ಎಂಬ ಆ ಕೊನೆಯ ಸಾಲನ್ನು ಸೊಸೆ ಬಾಗಿಲಲ್ಲಿ ನಿಂತು ಮೂರು ಸಲ ಎಳೆದು ಹಾಡಿದಳು. ನಾನು ತಲೆ ತಗ್ಗಿಸಿ ಒಂದಕ್ಷರ ಬಿಡದೆ ಕುಟ್ಟಿದೆ. ಮುಗಿಸಿ ಇಂಟು ಒತ್ತಿದರೆ ಚೌಕ ಬಂತು, ಉಳಿಸಲೇ ಎಂದಿತು. ಜೀವನದಲ್ಲಿ ಬೇಡ ಎನ್ನಲು ಇಷ್ಟು ಒಳ್ಳೆಯ ಕಾರಣ ಎಂದೂ ಸಿಕ್ಕಿರಲಿಲ್ಲ. ಯಾರ ಆದೇಶಕ್ಕೂ ಕಾಯದೆ ಹೌದು ಒತ್ತಿದೆ.

ಹನ್ನೆರಡೂ ಈಗ ಭದ್ರವಾಗಿವೆ. ಮುಂದಿನ ತಿಂಗಳು ಯಲ್ದೂರಿನ ಮದುವೆಯಲ್ಲಿ ಕೊನೆಯದನ್ನೇ ಮೊದಲು ಹಾಡುತ್ತಾರಂತೆ. ಹೆಂಗಸರಿಗೆಲ್ಲ ಒಂದೊಂದು ಪ್ರತಿ ಬೇಕಂತೆ. ದಪ್ಪಕ್ಷರದಲ್ಲಿ ಪ್ರಿಂಟು ಹಾಕಿಸಿ ಹಂಚುತ್ತಿರುವವನು ನಾನೇ.