ಮರೆಯದ ತೊಗಲು

ಇಡೀ ಬೀದಿ ಆಕೆಯನ್ನು ಸಿಸ್ಟರಮ್ಮ ಎನ್ನುತ್ತಿತ್ತು. ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ಮೇಲೂ ಆ ಹೆಸರು ಅಂಟಿಕೊಂಡೇ ಇತ್ತು. ಯಾರದೋ ಮಗುವಿನ ಮೊಣಕಾಲು ತರಚಲಿ, ಯಾರದೋ ಅಜ್ಜಿಯ ಬಿ.ಪಿ. ಏರಲಿ, ಜನ ಬಂದು ಬಡಿಯುತ್ತಿದ್ದುದು ಇವಳ ಮನೆಯ ಬಾಗಿಲನ್ನೇ. ಗಂಡನೊಬ್ಬ ಮಾತ್ರ "ಇವಳೇ" ಎಂದು ಕರೆಯುತ್ತಿದ್ದ, ಅದೂ ಅಪರೂಪಕ್ಕೆ. ಮಾತಿಗೂ ರೇಷನ್ ಇದೆಯೆಂದು ನಂಬಿದಂಥ ಮನುಷ್ಯ ಅವನು.

ಅವನು ನೀರು ಸರಬರಾಜಿನವರ ವಾಲ್ವ್‌ಮನ್. ಬೆಳಕು ಹರಿಯುವ ಹೊತ್ತಿಗೆ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಹೊರಟು, ಬೀದಿಬೀದಿಯ ಗುಂಡಿಗಳ ಮುಚ್ಚಳ ತೆಗೆದು, ಬಗ್ಗಿ ಕೀಲಿ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಊರಿಗೆಲ್ಲ ಅವನ ಬೆನ್ನಿನ ಪರಿಚಯ ಚೆನ್ನಾಗಿತ್ತು, ಮುಖದ್ದು ಇರಲಿಲ್ಲ. ನೀರು ಬಾರದ ದಿನ ಬೈಯುವುದಕ್ಕೆ ಮುಖವೇಕೆ ಬೇಕು? ಬೆನ್ನಿದ್ದರೂ ಸಾಕು.

ಇಂಥವನಿಗೆ ನಾಟಕದ ಹುಚ್ಚು. ನೌಕರರ ಸಂಘದ ನಾಟಕ ಒಂದನ್ನೂ ಬಿಟ್ಟವನಲ್ಲ. ಆದರೆ ಪಾತ್ರ? ಗುಂಪಿನಲ್ಲಿ ಗೋವಿಂದ. ಒಮ್ಮೆ ಈಟಿ ಹಿಡಿದ ಸೈನಿಕ, ಒಮ್ಮೆ ಮರ, ಇನ್ನೊಮ್ಮೆ ಕುದುರೆಯ ಹಿಂಗಾಲು. ಕುದುರೆಯ ಹಿಂಗಾಲನ್ನು ನೋಡಲು ಸಿಸ್ಟರಮ್ಮ ಡ್ಯೂಟಿ ಬದಲಾಯಿಸಿಕೊಂಡು ಹೋಗಿದ್ದಳು. "ಹೇಗಿತ್ತು?" ಎಂದು ಅವನು ಕೇಳಿದಾಗ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು, "ಮುಂಗಾಲಿಗಿಂತ ಹಿಂಗಾಲೇ ಚೆನ್ನಾಗಿತ್ತು ರೀ" ಎಂದಿದ್ದಳು.

ನಿವೃತ್ತಿಯಾದ ಮೇಲೆ ಆಕೆಯ ಕೈಗಳಿಗೆ ದಿಕ್ಕು ತೋಚದಂತಾಯಿತು. ಈರುಳ್ಳಿಯನ್ನು ಗಾತ್ರದ ಪ್ರಕಾರ ಜೋಡಿಸಿದಳು. ಅಡುಗೆಮನೆಯ ಚಮಚಗಳನ್ನು ಥಿಯೇಟರಿನ ಕತ್ತರಿ, ಇಕ್ಕಳಗಳ ಹಾಗೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಗಂಡ ಒಂದು ಬೆಳಿಗ್ಗೆ ಚಮಚಕ್ಕೆ ಕೈಚಾಚಿದವನು, ಹೆದರಿ ಕೈ ಹಿಂದಕ್ಕೆಳೆದುಕೊಂಡು ಕಾಫಿಯ ಸಕ್ಕರೆಯನ್ನು ಬೆರಳಲ್ಲೇ ಕದಡಿಕೊಂಡ. ಆವತ್ತೇ ಆಕೆ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ಚರ್ಮದ ಕೆಲಸದ ಕ್ಲಾಸಿಗೆ ಸೇರಿದಳು.

ಕ್ಲಾಸು ನಡೆಸುತ್ತಿದ್ದವರು ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೇಡಂ. ಮೂಗಿನ ತುದಿಯಲ್ಲೇ ಕೋಪ. ಮೊದಲ ದಿನ ಅವರು ಅಂಗೈಯಗಲದ ತೊಗಲಿನ ತುಂಡೊಂದನ್ನು ಮೇಜಿನ ಮೇಲಿಟ್ಟರು. ಮರದ ತೊಗಟೆಯ ರಸದಲ್ಲಿ ಹದ ಮಾಡಿದ್ದು, ಬಿಸ್ಕತ್ತಿನ ಬಣ್ಣದ್ದು. ಅದನ್ನು ಒದ್ದೆ ಮಾಡಿ ಸಿಸ್ಟರಮ್ಮನ ಮುಂದೆ ತಳ್ಳಿದರು.

"ಉಗುರಿಂದ ಒತ್ತಿ."

ಒತ್ತಿದಳು. ಸಣ್ಣ ಅರ್ಧಚಂದ್ರ ಮೂಡಿತು. ಬೆರಳಿನ ತುದಿ ಒತ್ತಿದಳು. ಅದರ ಗೆರೆಗಳೂ ಮೂಡಿದವು. ಮಾಯವಾಗುತ್ತದೇನೋ ಎಂದು ಕಾದಳು. ತೊಗಲು ಒಣಗಿತು, ಬಣ್ಣ ತಿಳಿಯಾಯಿತು, ಉಗುರಿನ ಗುರುತು ಮಾತ್ರ ಇದ್ದಲ್ಲೇ ಇತ್ತು.

"ಇದು ಮರೆಯೋದಿಲ್ಲ ರೀ," ಎಂದರು ಮೇಡಂ. "ನೀವು ಏನು ಮಾಡಿದ್ರೂ ಇಟ್ಟುಕೊಳ್ಳತ್ತೆ. ಅದಕ್ಕೇ ಹೇಳೋದು, ಯೋಚನೆ ಮಾಡಿ ಮುಟ್ಟಿ."

ಸಿಸ್ಟರಮ್ಮನಿಗೆ ಮೈ ಜುಮ್ಮೆಂದಿತು. ಆಯುಷ್ಯವೆಲ್ಲ ಆಕೆ ನೋಡಿದ್ದು ಮರೆಯುವ ಚರ್ಮವನ್ನು. ಕೊಯ್ದದ್ದು ಕೂಡಿಕೊಳ್ಳುತ್ತದೆ, ಚುಚ್ಚಿದ್ದು ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬಿಚ್ಚಿದ ಮೇಲೆ ರೋಗಿ ಬಟ್ಟೆ ತೊಟ್ಟು ತಿರುಗಿ ನೋಡದೆ ಮನೆಗೆ ಹೋಗುತ್ತಾನೆ. ಇಲ್ಲಿ ಜೀವ ಹೋದ ಚರ್ಮ ಮುಟ್ಟಿದವರನ್ನೆಲ್ಲ ನೆನಪಿಟ್ಟುಕೊಳ್ಳುತ್ತಿತ್ತು. ಆಕೆ ಆ ತುಂಡನ್ನು ಮನೆಗೆ ತಂದು ಕಿಟಕಿಯ ಹತ್ತಿರ ಇಟ್ಟುಕೊಂಡಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹೋಗಿ ನೋಡಿದಳು. ಗುರುತು ಹಾಗೇ ಇತ್ತು.

ಕೆಲಸ ಬೇಗ ಕೈಗೆ ಹತ್ತಿತು. ದಬ್ಬಳದಿಂದ ತೂತು ಹಾಕುವುದು, ಎರಡು ಸೂಜಿಗಳನ್ನು ಎದುರುಬದುರು ಓಡಿಸಿ ಹೊಲಿಯುವುದು, ಅಂಚನ್ನು ತಿಕ್ಕಿ ನುಣುಪು ಮಾಡುವುದು ಎಲ್ಲ ಕಲಿತಳು. ಒಂದು ಚಾಳಿ ಮಾತ್ರ ಬಿಡಲಿಲ್ಲ. ಯಾವ ಚರ್ಮವಾದರೂ ಸರಿ, ಮುಟ್ಟುವ ಮೊದಲು ಚೀಲದಿಂದ ಸ್ಪಿರಿಟ್ ಬಾಟಲಿ ತೆಗೆದು ಹತ್ತಿಯಲ್ಲಿ ಒರೆಸುವುದು. ಬಣ್ಣ ಹಾಕಿಟ್ಟ ಪರ್ಸೊಂದನ್ನು ಹೀಗೆ ಒರೆಸಿ ಬೋಳು ಮಾಡಿದಾಗ ಮೇಡಂ ಹಣೆ ಚಚ್ಚಿಕೊಂಡರು.

"ಸಿಸ್ಟರೇ, ಈ ಪರ್ಸಿಗೇನು ಇಂಜೆಕ್ಷನ್ ಕೊಡ್ತೀರಾ? ಬಣ್ಣ ಕಲಸಿರೋದೇ ಸ್ಪಿರಿಟ್ಟಲ್ಲಿ. ಮೇಣ ಹಚ್ಚೋವರೆಗೂ ಸ್ಪಿರಿಟ್ ತಾಗಿಸಿದ್ರೆ ಎಲ್ಲ ಎದ್ದು ಬರತ್ತೆ!"

"ಇನ್ನು ಮಾಡಲ್ಲ ಮೇಡಂ," ಎಂದಳು ಸಿಸ್ಟರಮ್ಮ. ಬಾಟಲಿ ಮಾತ್ರ ಚೀಲದಲ್ಲೇ ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕೆಲಸದಲ್ಲಿ ಬಂದ ಗುಣವೂ ಹಾಗೆಯೇ.

ಅಷ್ಟರಲ್ಲಿ ಗಂಡನ ಹಣೆಬರಹ ತಿರುಗಿತು. ಸಂಘದ ನಾಟಕ ಆಡಿಸುತ್ತಿದ್ದವನು ಒಬ್ಬ ಮೀಟರ್ ರೀಡರ್. ಆ ವರ್ಷದ ನಾಟಕದಲ್ಲಿ ಮುದಿ ರಾಜನೊಬ್ಬ ರಾಣಿ ಸತ್ತ ಮೇಲೆ ಯಾರಿಗೂ ಮುಖ ತೋರಿಸದೆ ಮುಖವಾಡ ತೊಟ್ಟೇ ಬದುಕುತ್ತಾನೆ. ರಾಜನಾಗಬೇಕಿದ್ದವನಿಗೆ ವರ್ಗವಾಯಿತು. ಬೇರೆ ಯಾರೂ ಸಿಗದೆ ಮೀಟರ್ ರೀಡರ್ ವಾಲ್ವ್‌ಮನ್ನಿನ ಕಡೆ ತಿರುಗಿ, "ಮುಖ ಹೇಗೂ ಕಾಣಲ್ಲ, ನೀನೇ ಮಾಡಪ್ಪ" ಎಂದ.

ಅವನು ಮನೆಗೆ ಬಂದವನೇ ಹೆಗಲ ಮೇಲಿನ ಕೀಲಿಯನ್ನೂ ಇಳಿಸದೆ ಸುದ್ದಿ ಹೇಳಿದ. ಮಾತುಗಳೆಲ್ಲ ಬೇಗನೆ ಬಾಯಿಪಾಠವಾದವು. ಒಂದು ಜಾಗ ಬಿಟ್ಟು. ಕೊನೆಯ ದೃಶ್ಯದಲ್ಲಿ ರಾಜ ಹೇಳಬೇಕು: "ರಾಣಿ ಹೋದ ಮೇಲೆ ಈ ಮುಖವನ್ನು ಯಾರೂ ಮುಟ್ಟಿಲ್ಲ. ಮುಖವೊಂದು ಇದೆಯೆಂಬುದೇ ನನಗೆ ಮರೆತಿದೆ." ಅಲ್ಲಿಂದ ಮುಂದೆ ಉದ್ದನೆಯ ಮಾತಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಾ ಹೇಳುತ್ತಾ "ರಾಣಿ ಹೋದ ಮೇಲೆ" ಎನ್ನುತ್ತಿದ್ದಂತೆ ಅವನು ನಿಂತುಬಿಡುತ್ತಿದ್ದ.

"ಅಲ್ಲೇ ಯಾಕೆ ರೀ ನಿಲ್ತೀರಾ?"

"ಗೊತ್ತಿಲ್ಲ ಇವಳೇ. ನಾಲಿಗೆ ಹಿಡ್ಕೊಂಡುಬಿಡತ್ತೆ." ಮಾತಿನ ಹಾಳೆ ಮಡಿಸಿಟ್ಟು, "ಈ ಸಲ ಅಲ್ಲಿ ನಿಂತುಬಿಟ್ರೆ ಮುಗೀತು. ಇನ್ನು ಸ್ಟೇಜು ಹತ್ತಲ್ಲ. ಹಿಂಗಾಲಿಗೂ ಹೋಗಲ್ಲ" ಎಂದ.

ಅವನು ಹಾಗೆಲ್ಲ ಮಾತು ಕೊಡುವವನಲ್ಲ, ಕೊಟ್ಟರೆ ತಪ್ಪುವವನೂ ಅಲ್ಲ. ಸಂಘದಲ್ಲಿದ್ದ ಕಾಗದದ ಮುಖವಾಡ ಬೆವರಿಗೆ ಮೆತ್ತಗಾಗಿ ಹರಿಯುತ್ತಿತ್ತೆಂದು ಕೇಳಿದ್ದೇ ತಡ, "ಮುಖವಾಡ ನಾನು ಮಾಡ್ತೀನಿ, ನೀವು ಮಾತು ನೋಡ್ಕೊಳ್ಳಿ" ಎಂದಳು.

ಮೊದಲು ಮುಖದ ಅಚ್ಚು ಬೇಕು. ಅದು ಆಕೆಗೆ ನೀರು ಕುಡಿದಷ್ಟು ಸುಲಭ; ಮುರಿದ ಕೈಕಾಲುಗಳಿಗೆ ಎಷ್ಟು ಪ್ಲಾಸ್ಟರ್ ಹಾಕಿದ್ದಳೋ ಲೆಕ್ಕವಿಲ್ಲ. ಗಂಡನನ್ನು ಮಂಚದ ಮೇಲೆ ಮಲಗಿಸಿ, ಹುಬ್ಬಿಗೆ ವ್ಯಾಸಲೀನ್ ಬಳಿದು, ಮೂಗಿನ ಹೊಳ್ಳೆ ಬಿಟ್ಟು ಉಳಿದ ಮುಖಕ್ಕೆಲ್ಲ ಒದ್ದೆ ಪ್ಲಾಸ್ಟರ್ ಪಟ್ಟಿಗಳನ್ನು ಹಾಸಿದಳು. "ಒಣಗೋವರೆಗೂ ಮಾತಾಡಬೇಡಿ" ಎಂದಳು. ಇಂಥ ಗಂಡನಿಗೆ ಅಂಥ ಎಚ್ಚರಿಕೆ ಕೊಟ್ಟವಳು ಜಗತ್ತಿನಲ್ಲಿ ಇವಳೊಬ್ಬಳೇ ಇರಬೇಕು.

ಆ ಅಚ್ಚಿನೊಳಗೆ ಪ್ಲಾಸ್ಟರ್ ಕಲಸಿ ಸುರಿದು ಬಿಚ್ಚಿದಾಗ ಮೇಜಿನ ಮೇಲೆ ಗಂಡನ ಬಿಳಿ ಮುಖ ಕಣ್ಣು ಮುಚ್ಚಿ ಮಲಗಿತ್ತು. ಅದರ ಮೇಲೆ ನೆನೆಸಿದ ತೊಗಲು ಹೊದಿಸಿ, ನುಣುಪಾದ ಮೂಳೆಯ ಚೂರಿನಿಂದ, ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು. ತೊಗಲು ಸುಲಭಕ್ಕೆ ಒಪ್ಪುವುದಿಲ್ಲ. ಒಣಗುತ್ತಾ ಬಿಗಿದುಕೊಳ್ಳುತ್ತದೆ, ಕಣ್ಣಿನ ಗುಳಿಯಲ್ಲಿ, ಮೂಗಿನ ಬದಿಯಲ್ಲಿ ಎದ್ದು ನಿಲ್ಲುತ್ತದೆ. ಮತ್ತೆ ಒತ್ತಬೇಕು, ಮತ್ತೆ ಕಾಯಬೇಕು. ಮಧ್ಯಾಹ್ನವೆಲ್ಲ ಆಕೆಯ ಬೆರಳು ಆ ಮುಖದ ಮೇಲೇ ಇತ್ತು.

ಬೆರಳಿಗೆ ಒಂದೊಂದೇ ಸಿಕ್ಕತೊಡಗಿತು. ಎಡ ಹುಬ್ಬಿನ ಮೇಲೆ ಸಣ್ಣ ತಗ್ಗು. ಕಬ್ಬಿಣದ ಕೀಲಿ ಜಾರಿ ಬಡಿದದ್ದಿರಬೇಕು, ಯಾವಾಗ? ಮೂಗು ಒಂದು ಎಳ್ಳಿನಷ್ಟು ಬಲಕ್ಕೆ ವಾಲಿದೆ. ತುಟಿಯ ಎರಡೂ ಪಕ್ಕದಲ್ಲಿ ಆಳವಾದ ಗೆರೆ, ನಗು ಬಂದಾಗಲೆಲ್ಲ ಒಳಗೇ ನುಂಗಿಕೊಂಡವನಿಗೆ ಬರುವಂಥದ್ದು. ಆಕೆಯ ಕೈ ನಿಂತುಹೋಯಿತು. ಯಾರಯಾರದೋ ಮೈಯನ್ನು ಅಂಗೈಯಷ್ಟು ಚೆನ್ನಾಗಿ ತಿಳಿದಿದ್ದವಳು ಈ ಮುಖವನ್ನು ಮುಟ್ಟಿದ್ದೇ ಜ್ವರ ನೋಡುವುದಕ್ಕೆ. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ ಇಷ್ಟು ದೊಡ್ಡದೊಂದು ಮುಖ ಇತ್ತು, ತಾನು ಕಂಡೇ ಇರಲಿಲ್ಲ. ಆಕೆಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಬೆರಗು ಬಂತು. ದೇವಸ್ಥಾನದಲ್ಲಿ ಕೂಡ ಆಕೆ ಅಷ್ಟು ಹೊತ್ತು ಸುಮ್ಮನೆ ನಿಂತವಳಲ್ಲ.

ಒಣಗಿದ ಮುಖವಾಡಕ್ಕೆ ಕಣ್ಣು, ಬಾಯಿ ಕೊರೆದು ಕಾಫಿಪುಡಿಯ ಬಣ್ಣ ಹಚ್ಚಿದಳು. ಮೊದಲ ಸಲ ಬಳಿದಾಗ ಅಲ್ಲಲ್ಲಿ ಕಲೆ ಕಲೆಯಾಗಿ ಹೆದರಿಸಿತು. ಮತ್ತೊಮ್ಮೆ ಬಳಿದಾಗ ಬಣ್ಣ ಗೆರೆಗಳಿಗೆ ಇಳಿಯಿತು, ತಗ್ಗುಗಳು ಕಪ್ಪಾದವು, ಕೆನ್ನೆ ಮೇಲೆದ್ದಿತು. ಅವಳ ಕಣ್ಣೆದುರೇ ಗಂಡ ರಾಜನಾದ. ಮೇಡಂ ಬಂದು ನೋಡಿ, ಬೈಯಲು ಏನೂ ಸಿಗದೆ, "ಮೇಣ ಹಚ್ಚೋದು ಮರೀಬೇಡಿ" ಎಂದಷ್ಟೇ ಹೇಳಿ ಹೋದರು.

ನಾಟಕದ ದಿನ ಬೆಳಿಗ್ಗೆ ಮೇಣ ಹಚ್ಚಬೇಕೆಂದು ಕೂತಾಗಲೇ ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಒಂದು ಆಟಕ್ಕೆ ಮೇಣವಿಲ್ಲದಿದ್ದರೆ ಏನಾದೀತು ಎಂದುಕೊಂಡು ಮುಖವಾಡ ಎತ್ತಿಕೊಂಡು ಓಡಿದಳು.

ಪರದೆಯ ಹಿಂದೆ ಗಂಡ ರಾಜನ ಅಂಗಿ ತೊಟ್ಟು ಬೆವರುತ್ತಾ ಕುಳಿತಿದ್ದ. ಮೇಡಂ ಕೂಡ ನೋಡಲು ಬಂದಿದ್ದರು. ಮೊದಲ ಗಂಟೆ ಹೊಡೆಯಿತು. ಸಿಸ್ಟರಮ್ಮ ಮುಖವಾಡ ಹೊರತೆಗೆದಳು, ಅದರ ಮೇಲೆ ಬೀದಿಯ ಧೂಳು ಕಂಡಳು. ತನ್ನ ಕೈ ಏನು ಮಾಡುತ್ತಿದೆಯೆಂದು ತಲೆಗೆ ತಿಳಿಯುವ ಮೊದಲೇ ಅದು ಚೀಲದೊಳಗೆ ಹೋಗಿ, ಬಾಟಲಿ ಬಿಚ್ಚಿ, ಹತ್ತಿ ನೆನೆಸಿತ್ತು. ಒಬ್ಬ ಮನುಷ್ಯನ ಮುಖಕ್ಕೆ ಏನನ್ನಾದರೂ ಒರೆಸದೆ ಇಟ್ಟವಳೇ ಅಲ್ಲ ಆಕೆ.

"ಸಿಸ್ಟರೇ!" ಎಂದು ಮೇಡಂ ಕಿರುಚಿದರು.

ಆ ಕೂಗಿಗೆ ಅವಳು ಬೆಚ್ಚಿದಳು, ಬಾಟಲಿ ಮಗುಚಿತು. ಸ್ಪಿರಿಟ್ ಅವಳ ಬಲಗೈ ಮೇಲೆಲ್ಲ ಸುರಿಯಿತು, ಮುಖವಾಡ ಜಾರಿತು, ಬೀಳದಂತೆ ಅದೇ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಬಿಟ್ಟು ನೋಡಿದರೆ ರಾಜನ ಎಡ ಕೆನ್ನೆಯ ಮೇಲೆ ಬಿಳಚಿದ ಅಂಗೈ, ಐದು ಬೆರಳು, ಒಂದೂ ಕಮ್ಮಿಯಿಲ್ಲ. ಆಕೆಯ ಕೈಯೆಲ್ಲ ಕಾಫಿಬಣ್ಣ.

"ಈಗ ಬಣ್ಣ ಹಚ್ಚಿದ್ರೆ ಒಣಗಲ್ಲ," ಎಂದರು ಮೇಡಂ ಮೆಲ್ಲಗೆ. ಮೀಟರ್ ರೀಡರ್ ತಲೆಯ ಮೇಲೆ ಕೈಹೊತ್ತ. "ಯಾರೋ ಕಪಾಳಕ್ಕೆ ಬಾರಿಸಿದ ಹಾಗಿದೆಯಲ್ರೀ! ಜನ ಬಿದ್ದು ಬಿದ್ದು ನಗ್ತಾರೆ. ಆ ನಗುವಿಗೆ ನೀನು ಮಾತು ಮರೀತೀಯ. ಅಂಗಿ ಬಿಚ್ಚಪ್ಪ, ನಾನೇ ಹೋಗ್ತೀನಿ."

ಸಿಸ್ಟರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕುದುರೆಯ ಹಿಂಗಾಲಿನಿಂದ ಇಲ್ಲಿಯವರೆಗೆ ಬಂದ ಗಂಡನನ್ನು ತಾನೇ ಕೈಯಾರೆ ಕೆಳಗೆ ತಳ್ಳಿದ್ದಳು. "ತಪ್ಪಾಯ್ತು ರೀ" ಎಂದಳು. ಗಂಡ ಎದ್ದು ಬಂದ. ಮುಖವಾಡವನ್ನು ಕೈಗೆ ತೆಗೆದುಕೊಂಡು ಆ ಗುರುತನ್ನು ನೋಡಿದ. ಆಮೇಲೆ ಹೆಂಡತಿಯ ಕೈ ನೋಡಿದ. ಅದನ್ನು ಮುಖಕ್ಕೇರಿಸಿ, ಹಿಂದಿನ ದಾರ ತಾನೇ ಕಟ್ಟಿಕೊಂಡು ರಂಗಕ್ಕೆ ನಡೆದುಬಿಟ್ಟ.

ಜನ ನಕ್ಕರು. "ರಾಣಿ ಹೋಗೋ ಮುಂಚೆ ಒಂದು ಕೊಟ್ಟೇ ಹೋಗಿದ್ದಾಳೆ ಕಣೋ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಆದರೂ ನಾಟಕ ಸಾಗಿತು, ನಗು ಕರಗಿತು, ಕೊನೆಯ ದೃಶ್ಯ ಬಂತು.

"ರಾಣಿ ಹೋದ ಮೇಲೆ..." ಎಂದ ರಾಜ. ನಿಂತ.

ಈಟಿ ಹಿಡಿದಿದ್ದ ಸೈನಿಕ ಅತ್ತಿತ್ತ ನೋಡಿದ. ಮೀಟರ್ ರೀಡರ್ ಮರೆಯಿಂದ ಮಾತು ಎತ್ತಿಕೊಡಲು ಬಾಯಿ ತೆರೆದ. ಪರದೆಯ ಪಕ್ಕದಲ್ಲಿದ್ದ ಸಿಸ್ಟರಮ್ಮ ಅವನ ತೋಳು ಹಿಡಿದು ತಡೆದಳು. ಯಾಕೆ ತಡೆದಳೋ ಅವಳಿಗೇ ಗೊತ್ತಿರಲಿಲ್ಲ.

ರಾಜ ತನ್ನ ಕೈಯನ್ನು ನಿಧಾನವಾಗಿ ಎತ್ತಿ ಕೆನ್ನೆಯ ಮೇಲಿದ್ದ ಆ ಕೈಯ ಮೇಲೆ ಇಟ್ಟುಕೊಂಡ. ಬೆರಳಿಗೆ ಬೆರಳು ಕೂಡಿಸಿ ಇಟ್ಟ. "ರಾಣಿ ಹೋದ ಮೇಲೆ ಈ ಮುಖವನ್ನು ಯಾರೂ ಮುಟ್ಟಿಲ್ಲ," ಎಂದ, ಧ್ವನಿ ತಡವರಿಸಲಿಲ್ಲ. ಆಮೇಲೆ ಬರೆದಿರದ ಒಂದು ಮಾತು ಹೇಳಿದ. "ಅವಳ ಕೈ ಇನ್ನೂ ಇಲ್ಲೇ ಇದೆ."

ಮುಂದಿನ ಮಾತೆಲ್ಲ ವಾಲ್ವ್ ಬಿಚ್ಚಿದ ಹಾಗೆ ಹರಿಯಿತು. ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ. ಹಿಂದಿನ ಸಾಲಿನಿಂದ ಕೂಗಿದವನು ಎದ್ದು ನಿಂತಿದ್ದ, ಕೂರುವುದನ್ನು ಮರೆತು. ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು. ಸಿಸ್ಟರಮ್ಮ ಬಣ್ಣ ಮೆತ್ತಿದ ತನ್ನ ಅಂಗೈಯನ್ನು ಎದೆಗೆ ಒತ್ತಿಕೊಂಡು, ಬಾಯಲ್ಲಿ ಮಾತಿಲ್ಲದ ಆ ಮನುಷ್ಯ ತನ್ನೊಳಗೆ ಇಷ್ಟನ್ನು ಎಲ್ಲಿಟ್ಟುಕೊಂಡಿದ್ದನೆಂದು ಬೆರಗಾಗಿ ನೋಡುತ್ತಿದ್ದಳು.

ಜನ ಚದುರಿದ ಮೇಲೆ ಅವನು ಸ್ಟೂಲಿನ ಮೇಲೆ ಕುಳಿತು ಮುಖವಾಡ ಬಿಚ್ಚಿದ. ಮೇಣವಿಲ್ಲದ ಬಣ್ಣ ಬೆವರಿಗೆ ಇಳಿದು ಅವನ ಮುಖವೆಲ್ಲ ಕಂದಾಗಿತ್ತು. ಸಿಸ್ಟರಮ್ಮನ ಕೈ ತಾನಾಗಿ ಚೀಲಕ್ಕೆ ಹೋಯಿತು, ಬಾಟಲಿಯನ್ನು ಮುಟ್ಟಿತು, ಅಲ್ಲೇ ಬಿಟ್ಟು ಬಂತು. ಲೋಟದಲ್ಲಿದ್ದ ನೀರಿಗೆ ಅಂಗೈ ಅದ್ದಿದಳು.

"ಉರಿಯೋದಿಲ್ಲ ತಾನೇ ಇವಳೇ?"

"ಬರೀ ಕೈ ರೀ. ಕಣ್ಣು ಮುಚ್ಕೊಳ್ಳಿ."

ಅವನು ಕಣ್ಣು ಮುಚ್ಚಿದ. ಆಕೆ ಎಡ ಹುಬ್ಬಿನ ಮೇಲಿನ ತಗ್ಗಿನಿಂದ ಶುರುಮಾಡಿದಳು.