ಲಕ್ಷ್ಮಿಪಟದ ಹಿಂದಿನ ಹಡಗು

ಅಣ್ಣನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಅಲ್ಲಿನ ಚರ್ಮ ಕಾಸಿದ ಹಾಲಿನ ಕೆನೆಯ ಹಾಗೆ ನುಣುಪಾಗಿ, ಸುಕ್ಕುಸುಕ್ಕಾಗಿ ಇತ್ತು. ಹಡಗಿನ ಬಾಯ್ಲರ್ ಕೋಣೆಯಲ್ಲಿ ಹಬೆ ಹೊಡೆದ ಗುರುತು ಅದು. ಆ ಕೈಯನ್ನೇ ನನ್ನ ಅಂಗಡಿಯ ಗಾಜಿನ ಮೇಜಿನ ಮೇಲೆ ಊರಿ ಅವನು ಒಂದು ದಿನ ಒಂದು ಮಾತು ಕೇಳಿದ. ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಅವನು ಬದುಕಿರುವವರೆಗೂ ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಊರವರನ್ನು ಬೈಯುವ ಭರದಲ್ಲಿ ನನ್ನದನ್ನು ಮುಚ್ಚಿಟ್ಟುಬಿಟ್ಟೇನು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡು ಬದುಕಿದವನು. ಅಣ್ಣ ಓದಿನಲ್ಲಿ ಚುರುಕು. ಹತ್ತನೇ ಕ್ಲಾಸು ಮುಗಿಸಿ ನೌಕಾಪಡೆ ಸೇರಿದ. ನಮ್ಮ ಬೆಟ್ಟದ ತುದಿಗೆ ಹತ್ತಿ ನಿಂತರೂ ಕಾಣುವುದು ಬಂಡೆ, ಹೊಲ, ಮತ್ತೆ ಬಂಡೆ. ಅಂಥ ಊರಿನವನು ಹಡಗಿನ ಹೊಟ್ಟೆಯೊಳಗೆ ಬೆಂಕಿ ಕಾಯುತ್ತ ವಯಸ್ಸು ಕಳೆದ. "ಸಮುದ್ರ ಹೆಂಗಿರುತ್ತೆ ಸಾರ್?" ಎಂದು ಯಾರಾದರೂ ಕೇಳಿದರೆ, "ನಾನೆಲ್ಲಿ ನೋಡ್ದೆ? ನಾನು ಅದರ ಕೆಳಗಿದ್ದೆ" ಎನ್ನುತ್ತಿದ್ದ.

ಪಿಂಚಣಿಯಾಗಿ ಊರಿಗೆ ಬಂದ ಮೇಲೂ ಹಡಗು ಅವನ ಮೈಯಿಂದ ಇಳಿಯಲಿಲ್ಲ. ಟೀ ಲೋಟವನ್ನು ಮೇಲಿನಿಂದ ಐದೂ ಬೆರಳು ಹರಡಿ ಹಿಡಿಯುತ್ತಿದ್ದ, ನೆಲ ಯಾವಾಗ ವಾಲುತ್ತದೋ ಎನ್ನುವ ಹಾಗೆ. ನಮ್ಮಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ. ಸ್ನಾನ ಮಾಡುವಾಗ ನಾನು ಒಂದು ಚೆಂಬು ಹೆಚ್ಚು ಸುರಿದುಕೊಂಡರೆ ಆಚೆಯಿಂದ ಕೂಗು ಬರುತ್ತಿತ್ತು: "ಲೇ, ಸಿಹಿನೀರು ಕಣ್ಲಾ ಅದು!"

ಊರಿಗೆ ಬಂದು ಅವನು ಒಂದು ಕೆಲಸ ಹಿಡಿದ. ಯುದ್ಧನೌಕೆಗಳ ಫೋಟೋ, ಸಮುದ್ರದ ಮೇಲೆ ನಡೆದ ಕಾಳಗಗಳ ಫೋಟೋ ಒಟ್ಟುಮಾಡಿ, ಯಾರು ಬೇಕಾದರೂ ನೋಡುವ ಹಾಗೆ ಇಂಟರ್ನೆಟ್ಟಿನಲ್ಲಿ ಇಡುವುದು. ಅವನ ಜೊತೆ ಹಡಗಿನಲ್ಲಿದ್ದ ಕೇರಳದ ಗೆಳೆಯರೊಬ್ಬರು ವೆಬ್‌ಸೈಟ್ ಕಟ್ಟುವುದನ್ನು ಫೋನಿನಲ್ಲೇ ಹೇಳಿಕೊಟ್ಟರು. ಇಬ್ಬರೂ ಎಂಜಿನ್ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾದವರು. ಅವರ ಹಿಂದಿ ಕೇಳಿ ಬೀದಿಯವರು ಜಗಳವೆಂದುಕೊಳ್ಳುತ್ತಿದ್ದರು. ಅಣ್ಣ ಸ್ಕ್ಯಾನರ್ ತಂದ. ಒಂದು ಹಡಗಿಗೆ ಒಂದು ಪುಟ. ಅದು ಮೊದಲು ನೀರಿಗಿಳಿದ ದಿನದ ಫೋಟೋ, ಬಂದರಿನಲ್ಲಿ ನಿಂತದ್ದು, ತೋಪು ಹಾರಿಸುವಾಗಿನದು, ಗುಂಡು ಬಿದ್ದು ಪಕ್ಕೆ ಸೀಳಿದ್ದು, ಕೊನೆಗೆ ಗುಜರಿಯವರು ಒಡೆಯುವಾಗಿನದು. ನಮ್ಮ ಮೇಲೆ ಕಾದಿದ ದೇಶದ ಹಡಗುಗಳಿಗೂ ಪುಟ ಇತ್ತು. "ಅವರ್ದು ಯಾಕಣ್ಣ?" ಎಂದೆ. "ಅದ್ರಾಗೂ ಬಾಯ್ಲರ್ ರೂಮಿತ್ತು ಕಣ್ಲಾ" ಎಂದ.

ಅವನಿಗೊಂದು ಹಟ ಇತ್ತು. ಫೋಟೋದಲ್ಲಿ ಮನುಷ್ಯರಿದ್ದರೆ, ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಸಿಗುವವರೆಗೆ ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಕ್ಯಾಪ್ಟನ್ ಹೆಸರು ಎಲ್ಲಿ ಬೇಕಾದರೂ ಸಿಗುತ್ತದೆ. ಅಡುಗೆಯವನದು, ಬಟ್ಟೆ ಒಗೆಯುವವನದು, ಬೆಂಕಿ ಕಾಯುವವನದು ಸಿಗುವುದಿಲ್ಲ. ಅದಕ್ಕಾಗಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ನೌಕಾಪಡೆಗೆ ಹೋಗಿಬಂದವರ ಮನೆಗಳನ್ನೆಲ್ಲ ಬಸ್ಸಿನಲ್ಲಿ ಸುತ್ತಿದ. "ಹಡಗಿಗೆ ಹೆಸ್ರು ಬರ್ದುಬುಟ್ರೆ ಆಯ್ತಾ? ಅದೇನು ತಾನೇ ಈಜ್ಕಂಡು ಹೋಯ್ತಾ?" ಎನ್ನುತ್ತಿದ್ದ.

ಊರು ನಕ್ಕಿತು. ಕಾಫಿ ಹೋಟೆಲಿನ ಯಜಮಾನ ಅವನನ್ನು ಕಂಡಾಗಲೆಲ್ಲ, "ಬನ್ನಿ ಅಡ್ಮಿರಲ್ಲೇ! ಕೆರೆ ತುಂಬ್ಲಿ, ಹೇಳ್ಕಳಿಸ್ತೀವಿ, ಹಡಗು ತಂದ್ಬುಡಿ" ಎಂದು ಗಿರಾಕಿಗಳ ಕಡೆ ಕಣ್ಣು ಹೊಡೆಯುತ್ತಿದ್ದ. "ಮೊದ್ಲು ಹೂಳು ತೆಗ್ಸಪ್ಪ, ತಳ ತಾಕುತ್ತೆ" ಎಂದು ಅಣ್ಣ ಅವರ ಜೊತೆಗೇ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಹಡಗಿನ ಫೋಟೋ ಬೇಕೆಂದು ದೂರದೂರದವರು ಅವನಿಗೆ ಬರೆಯುತ್ತಿದ್ದರು. ಇಲ್ಲಿಯವರು ಒಂದು ಸಲವೂ ಅವನ ವೆಬ್‌ಸೈಟ್ ತೆರೆದು ನೋಡಲಿಲ್ಲ.

ಅಣ್ಣ ಸಿಟ್ಟಾದದ್ದನ್ನು ಒಮ್ಮೆ ಕಂಡೆ. ಯಾರೋ ಅವನ ಫೋಟೋಗಳನ್ನು ಎತ್ತಿ ತಮ್ಮ ಪುಟದಲ್ಲಿ ಹಾಕಿಕೊಂಡಿದ್ದರು. ಕದ್ದದ್ದಿರಲಿ, ಅದರ ಮೇಲೆ ತಮ್ಮ ಹೆಸರಿನ ಅಚ್ಚು ಬೇರೆ ಹೊಡೆದಿದ್ದರು, ಅದೂ ಸಾಲಾಗಿ ನಿಂತವರ ಮುಖಗಳ ಮೇಲೆಯೇ. "ನೋಡ್ಲಾ, ದನಕ್ಕೆ ಬರೆ ಎಳ್ದಂಗೆ ಎಳ್ದವ್ರೆ. ಹಡಗಿನ ಮೇಲೆ ಹಾಕ್ಕಳ್ಳಿ, ಆಕಾಶದ ಮೇಲೆ ಹಾಕ್ಕಳ್ಳಿ. ಮುಖನೇ ಬೇಕಾಗಿತ್ತಾ ಇವರಿಗೆ?" ಅವನಿಗಿಂತ ಜೋರಾಗಿ ನಾನು ಕೂಗಾಡಿದೆ. "ಕಳ್ಳರು, ಮುಖ ಕೆಡಿಸೋ ಕಳ್ಳರು" ಎಂದೆ. ಇಡೀ ಬೀದಿಗೆ ಕೇಳಿಸಿತು.

ಇದಾದ ಸ್ವಲ್ಪ ದಿನಕ್ಕೆ ಪಟ್ಟನಾಯಕನಹಳ್ಳಿಯಿಂದ ಒಬ್ಬ ಹೆಂಗಸು ಅಣ್ಣನನ್ನು ಹುಡುಕಿಕೊಂಡು ಬಂದರು. ತಲೆ ನೆರೆತವರು. ಅವರ ಅಣ್ಣನೂ ನೌಕಾಪಡೆ ಸೇರಿದ್ದ, ಅವನೂ ಬಾಯ್ಲರ್ ಕೋಣೆಯವನೇ. ಯುದ್ಧದ ಹೊತ್ತಿನಲ್ಲಿ ಹಬೆಯ ಕೊಳವೆ ಒಡೆದು ಸತ್ತ. ಗುಂಡೇಟಿನಿಂದ ಸತ್ತಿದ್ದರೆ ಊರ ಮುಂದೆ ಒಂದು ಕಲ್ಲಾದರೂ ನಿಲ್ಲುತ್ತಿತ್ತು. ಕೊಳವೆ ಒಡೆದು ಸತ್ತವನಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ? ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. "ಪಿತೃಪಕ್ಷದಾಗೆ ಎಲ್ಲಾರ ಫೋಟೋ ಮುಂದೆ ಎಡೆ ಇಕ್ತೀವಿ ಸ್ವಾಮಿ. ಅವನ ಹೆಸರಲ್ಲಿ ಒಂದು ಮಡಿಸಿದ ಅಂಗಿ ಮುಂದೆ ಇಕ್ತೀವಿ. ಅವನು ಹೋದಾಗ ನಾನು ಇಷ್ಟುದ್ದ ಇದ್ದೆ. ಮುಖನೇ ಮರ್ತೋಗದೆ" ಎಂದರು. ಅಣ್ಣ ಎದ್ದು ನಿಂತು, "ಹುಡುಕಿ ಕೊಡ್ತೀನಿ ಕಣಮ್ಮ" ಎಂದ.

ಕೇರಳದ ಗೆಳೆಯರು ಹಳಬರನ್ನೆಲ್ಲ ವಿಚಾರಿಸಿ ಒಂದು ಸುಳಿವು ಕೊಟ್ಟರು. ಆ ಹಡಗಿನವರೆಲ್ಲ ಡೆಕ್ಕಿನ ಮೇಲೆ ನಿಂತು ತೆಗೆಸಿಕೊಂಡ ಒಂದು ಫೋಟೋ ಇತ್ತು. ಅದರ ಒಂದು ಪ್ರತಿ ಅದೇ ಹಡಗಿನ ಅಡುಗೆಯವರ ಹತ್ತಿರ ಇತ್ತು. ಅವರು ನಿಡುಗಲ್ಲಿನ ಕಡೆಯವರು. ಹಡಗಿನಲ್ಲಿ ನಮ್ಮ ಕಡೆಯವರು ಈ ಅಡುಗೆಯವರು, ಆ ಹೆಂಗಸಿನ ಅಣ್ಣ ಇಬ್ಬರೇ ಆದ್ದರಿಂದ ಫೋಟೋದಲ್ಲೂ ಅಕ್ಕಪಕ್ಕ ನಿಂತಿದ್ದರಂತೆ. ಅಣ್ಣ ಬೆಳಿಗ್ಗೆಯ ಬಸ್ಸಿಗೇ ನಿಡುಗಲ್ಲಿಗೆ ಹೋದ. ಅಡುಗೆಯವರು ತೀರಿಕೊಂಡು ವರ್ಷಗಳಾಗಿದ್ದವು. ಗೋಡೆಯ ಮೇಲೆ ಅವರ ಮುಖವೊಂದೇ ದೊಡ್ಡದಾಗಿ, ಹಾರ ಹಾಕಿಸಿಕೊಂಡು ಇತ್ತು.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ. ಬಾಯಿ ಒಣಗಿತ್ತು. ಕೈಯನ್ನು ಮೇಜಿನ ಮೇಲೆ ಊರಿದ.

"ಲೇ, ಆ ಅಡುಗೆಯವರ ಹೆಂಡ್ತಿ ತೆಲುಗ್ನಾಗೆ, 'ಫೋಟೋ ಮಧುಗಿರಿಲೋ ಇಚ್ಚಿನಾನು ನಾಯನಾ, ಈ ಮುಖಂ ಒಕ್ಕಟಿ ಚಾಲು ಅನ್ನಾನು' ಅಂತಾಳೆ. ಮುಖ ಒಂದು ಸಾಕು ಅಂತ ಮಧುಗಿರಿಲಿ ಯಾವ್ದೋ ಕಟ್ಟಿನಂಗಡಿಗೆ ಕೊಟ್ಟವ್ಳೆ. ಉಳಿದದ್ದು ವಾಪಸ್ ಇಸ್ಕಂಡಿಲ್ಲ. ನಿನ್ನತ್ರ ಏನಾದ್ರೂ ಬಂದಿತ್ತೇನ್ಲಾ?"

ಇಲ್ಲಿ ನನ್ನ ಕಸುಬಿನ ಒಂದು ಸಂಗತಿ ಹೇಳಬೇಕು. ನಮ್ಮ ಕಡೆ ಸತ್ತವರ ಫೋಟೋದಲ್ಲಿ ಬದುಕಿರುವವರು ಇರಕೂಡದು. ಬದುಕಿರುವವರಿಗೆ ಹಾರ ಬಿದ್ದರೆ ಕೇಡು. ಆದರೆ ಬಡವರ ಮನೆಯಲ್ಲಿ ಒಬ್ಬರೇ ಕೂತು ಫೋಟೋ ತೆಗೆಸಿಕೊಂಡವರು ಎಷ್ಟು ಮಂದಿ? ಗುಂಪಿನ ಫೋಟೋ ತರುತ್ತಿದ್ದರು. ಆಗ ದೊಡ್ಡದು ಮಾಡಿಸಲು ತುಮಕೂರಿಗೆ ಕಳಿಸಬೇಕಿತ್ತು. ದಪ್ಪ ರಟ್ಟಿಗೆ ಅಂಟಿಸಿದ ಫೋಟೋ ಲಕೋಟೆಗೆ ಹಿಡಿಯುತ್ತಿರಲಿಲ್ಲ. ನಾನು ಸತ್ತವರ ಮುಖದ ಸುತ್ತ ಕತ್ತರಿ ಆಡಿಸಿ ಅದನ್ನಷ್ಟೇ ಕಳಿಸುತ್ತಿದ್ದೆ. ಉಳಿದ ರಟ್ಟು ಒಳ್ಳೆಯದಿದ್ದರೆ ದೇವರ ಪಟಗಳ ಹಿಂದೆ ಒತ್ತಾಗಿ ಕೂರಿಸುತ್ತಿದ್ದೆ. ಮದುವೆಯವರು, ಶಾಲೆಯ ಮಕ್ಕಳು, ಪೊಲೀಸರು, ಯಾರು ಯಾರೋ ಈ ತಾಲ್ಲೂಕುಗಳ ದೇವರ ಗೂಡುಗಳಲ್ಲಿ ದೇವರ ಬೆನ್ನಿಗಿದ್ದಾರೆ.

ನಿಡುಗಲ್ಲಿನ ಫೋಟೋ ನನಗೆ ಚೆನ್ನಾಗಿ ನೆನಪಿತ್ತು. ಬಿಳಿ ಬಟ್ಟೆಯವರು ಸಾಲಾಗಿ ನಿಂತಿದ್ದರು, ಹಿಂದೆ ತೋಪಿನ ಬಾಯಿ. ಅಣ್ಣ ಇದ್ದಾನೇನೋ ಎಂದು ಹುಡುಕಿ ನೋಡಿ, ಇಲ್ಲವೆಂದು ತಿಳಿದ ಮೇಲೆಯೇ ಕತ್ತರಿ ಹಾಕಿದ್ದೆ. ರಟ್ಟು ಬಹಳ ಗಟ್ಟಿ. ಅದನ್ನು ಯಾರಿಗೂ ಕೊಡದೆ, ಗೊರವನಹಳ್ಳಿಯಿಂದ ತಂದ ನನ್ನ ಅಂಗಡಿಯ ಮಹಾಲಕ್ಷ್ಮಿ ಪಟಕ್ಕೇ ಹಾಕಿಕೊಂಡಿದ್ದೆ. ಅಣ್ಣ ಕೇಳುವಾಗ ಆ ಪಟ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು.

ಕೈ ಎತ್ತಿದರೆ ಸಿಗುತ್ತಿತ್ತು. ಆದರೆ ಮುಖ ಕೆಡಿಸುವ ಕಳ್ಳರು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವನು ನಾನು. ಇಬ್ಬರು ಗಿರಾಕಿಗಳು ಬೇರೆ ನಿಂತಿದ್ದರು.

"ಮಧುಗಿರಿಲಿ ನಂದೊಂದೇ ಅಂಗಡಿನಾ?" ಎಂದುಬಿಟ್ಟೆ.

"ಸರಿ ಬುಡು. ಬೇರೆ ಕಡೆ ಕೇಳ್ತೀನಿ" ಎಂದು ಅಣ್ಣ ಹೊರಟ.

ನಾಳೆ ಬಿಚ್ಚಿ, ಎಲ್ಲೋ ಸಿಕ್ಕಿತೆಂದು ಹೇಳಿ ಕೊಟ್ಟರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ದಿನ ಕಳೆದಷ್ಟೂ ನಾಲಿಗೆ ಕಟ್ಟಿತು. ಅಣ್ಣ ಮಾತ್ರ ಬಿಸಿಲಿನಲ್ಲಿ ಊರೂರು ತಿರುಗಿದ. ಮಧುಗಿರಿಯ ಬೇರೆ ಅಂಗಡಿಗಳಾದವು, ಕೊರಟಗೆರೆಯಾಯಿತು. ಗಾಜು ತರಲು ಸಿರಾಕ್ಕೆ ಹೋಗಿದ್ದಾಗ ಅಲ್ಲಿನ ಕಟ್ಟಿನಂಗಡಿಯ ಸಾಹೇಬರು ನನ್ನನ್ನು ತಡೆದು ನಿಲ್ಲಿಸಿದರು.

"ಅರೇ ಭಾಯ್, ನಿಮ್ ಅಣ್ಣಾವ್ರು ಬಂದಿದ್ರು. ಪಾಪ, ಕಾಲು ಊದ್ಕೊಂಡಿತ್ತು, ಫ್ಯಾನ್ ಕೆಳಗೆ ಕೂರಿಸ್ದೆ. 'ತಮ್ಮಂದೇ ದುಕಾನ್ ಐತಲ್ಲ ಸಾಬ್, ಅಲ್ಲೇ ಕೇಳ್ಬೇಕಿತ್ತು' ಅಂದೆ. 'ಕೇಳ್ದೆ, ಇಲ್ಲ ಅಂದ. ಅವನು ನನ್ಹತ್ರ ಸುಳ್ಳು ಹೇಳಲ್ಲ' ಅಂದ್ರು."

ಗಾಜು ಕೊಳ್ಳದೆ ವಾಪಸು ಬಂದೆ. ಆಗಲಾದರೂ ಹೇಳಿದೆನೇ? ಇಲ್ಲ. ಹೋಟೆಲಿನವನ ಗೇಲಿಗೆ ಉರಿದು ಬೀಳುವ ನಾನು, ಅಣ್ಣನನ್ನು ಅವನಿಗಿಂತ ದೊಡ್ಡ ದಡ್ಡನನ್ನಾಗಿ ಮಾಡಿ ಸುತ್ತಿಸುತ್ತಿದ್ದೆ. ಬೇರೆಯವರಾದರೂ ಎದುರಿಗೆ ನಕ್ಕರು.

ಒಂದು ಬೆಳಿಗ್ಗೆ ಅಣ್ಣ ಎದೆ ಹಿಡಿದುಕೊಂಡ. ತುಮಕೂರಿಗೆ ಕರೆದುಕೊಂಡು ಹೊರಟೆವು. ಕೊರಟಗೆರೆ ದಾಟುವಷ್ಟರಲ್ಲಿ ಹೋಗಿಬಿಟ್ಟ. ಅವನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಹೇಳಬಹುದಿತ್ತು.

ಆಗ ಎದ್ದಿತು ಊರು. ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದರು. "ನಮ್ಮೂರ ಹೆಮ್ಮೆಯ ಪುತ್ರ" ಎಂದು ದಪ್ಪ ಅಕ್ಷರ. ಕೆಳಗೆ ಕೈ ಮುಗಿದು ನಿಂತವರಲ್ಲಿ ಕಾಫಿ ಹೋಟೆಲಿನವನೂ ಒಬ್ಬ. ಹಿಂದುಗಡೆ ಹಾಕಿದ್ದ ಯುದ್ಧನೌಕೆಯ ಮೇಲೆ ಯಾವುದೋ ಬೇರೆ ದೇಶದ ಬಾವುಟ ಹಾರುತ್ತಿತ್ತು. ಹಡಗಿನ ಫೋಟೋಗಳಿಗಾಗಿಯೇ ಬದುಕಿದವನ ತಲೆಯ ಹಿಂದೆ, ಕೈಗೆ ಸಿಕ್ಕಿದ ಯಾವುದೋ ಹಡಗನ್ನು ಅಂಟಿಸಿದ್ದರು! ಅವನ ಪುಟ ತೆರೆದು ಒಂದು ಫೋಟೋ ತೆಗೆದುಕೊಳ್ಳಲು ಇವರಿಗೆ ಎಷ್ಟು ಹೊತ್ತು ಬೇಕಾಗಿತ್ತು? ಹೋಗಿ ಕೇಳಿದೆ. "ಯಾವ ಹಡಗಾದ್ರೇನು ಬುಡಪ್ಪ, ಕಾಣ್ಸಕ್ಕೆ ಚೆನ್ನಾಗೈತಲ್ಲ" ಎಂದರು. ಆ ಫ್ಲೆಕ್ಸನ್ನು ನಾನೇ ಹರಿದೆ. ಜನ ನನ್ನನ್ನು ಹಿಡಿದುಕೊಂಡು, ಅಣ್ಣ ಸತ್ತ ದುಃಖ ಎಂದರು.

ತಿಥಿ ಹತ್ತಿರ ಬಂತು. ಅತ್ತಿಗೆ ಒಂದು ಫೋಟೋ ತಂದು ನನ್ನ ಮೇಜಿನ ಮೇಲಿಟ್ಟರು. ಅಣ್ಣ ಹಡಗಿನ ಸಂಗಾತಿಗಳ ನಡುವೆ ನಗುತ್ತಿದ್ದ. ಹಬೆ ಹೊಡೆಯುವ ಮೊದಲಿನದು, ಎರಡೂ ಕೈ ನೆಟ್ಟಗಿದ್ದವು.

"ಇದ್ರಾಗೆ ಲಕ್ಷಣವಾಗವ್ರೆ ಕಣಪ್ಪ. ಇವರ್ದೊಂದು ಮುಖ ತಕ್ಕೊಡು. ಉಳಿದೋರು ಬ್ಯಾಡ."

ಈಗ ಕಂಪ್ಯೂಟರಿನಲ್ಲೇ ಬೇರೆ ಮಾಡಬಹುದು, ಕತ್ತರಿ ಬೇಕಾಗಿಲ್ಲ. ಆದರೂ ಅತ್ತಿಗೆಯ ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಕತ್ತರಿ ಎತ್ತಿಕೊಂಡಿತ್ತು. ಅದನ್ನು ನೋಡಿ ನನಗೇ ಹೇಸಿಗೆಯಾಯಿತು. ಕತ್ತರಿ ಕೆಳಗಿಟ್ಟೆ. ಸ್ಟೂಲು ಹತ್ತಿ ಮಹಾಲಕ್ಷ್ಮಿ ಪಟ ಇಳಿಸಿ, ಅತ್ತಿಗೆಯ ಎದುರಿಗೇ ಹಿಂದಿನ ಮೊಳೆಗಳನ್ನು ಕಿತ್ತೆ. ಅವರು ಬೆರಗಾಗಿ ನೋಡುತ್ತಿದ್ದರು. ಒಳಗಿನಿಂದ ಹಡಗು ಬಂತು. ಡೆಕ್ಕಿನ ಮೇಲೆ ಬಿಳಿ ಬಟ್ಟೆಯವರು, ನಡುವೆ ಒಂದು ತೂತು. ತೂತಿನ ಒಂದು ಪಕ್ಕ ರುಮಾಲಿನ ಸರದಾರ್ಜಿ. ಇನ್ನೊಂದು ಪಕ್ಕ, ತೂತಿನ ಕಡೆಗೇ ತಲೆ ವಾಲಿಸಿದ ಒಬ್ಬ ಎಳೆಯ ಹುಡುಗ.

ಕೇರಳದ ಗೆಳೆಯರಿಗೆ ಕಳಿಸಿದೆ. ಅವರು ಹಳಬರನ್ನು ಕೇಳಿ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬರೆದು, ಅಣ್ಣನ ಪುಟದಲ್ಲಿ ಏರಿಸಿದರು. ತೂತಿಗೂ ಅಡುಗೆಯವರ ಹೆಸರು ಬರೆದರು. ಹೇಗೆ ಹರಿಯಿತು ಎಂದು ಕೇಳಲಿಲ್ಲ.

ಪಟ್ಟನಾಯಕನಹಳ್ಳಿಗೆ ನಾನೊಬ್ಬನೇ ಹೋದೆ. ಆ ಹೆಂಗಸು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅಣ್ಣ ತೀರಿಕೊಂಡ ಸುದ್ದಿ ಗೊತ್ತಿತ್ತು. ಫೋಟೋ ಕೊಟ್ಟು, ಹುಡುಗನನ್ನು ತೋರಿಸಿದೆ. ಸೆರಗಿಗೆ ಕೈ ಒರೆಸಿ ಒರೆಸಿ ತೆಗೆದುಕೊಂಡರು.

"ನಮ್ಮವ್ವನ ಮೂಗು" ಎಂದರು. "ಇವನು ಇಷ್ಟು ಚಿಕ್ಕೋನಾ? ನಂಗೆ ದೊಡ್ಡೋನು ಅಂತ ನೆನಪಿತ್ತು." ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮಣ್ಣ ಹೋದ್ರೂ ನೀನು ಬುಡದೆ ಹುಡ್ಕಿ ತಂದ್ಯಲ್ಲಪ್ಪ. ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದರು.

ಮತ್ತೆ ಫೋಟೋ ಕಣ್ಣ ಹತ್ತಿರ ಹಿಡಿದರು. ಬೆರಳು ಹುಡುಗನ ಕೆನ್ನೆಯ ಮೇಲಿನಿಂದ ಜಾರಿ ತೂತಿನ ಅಂಚಿಗೆ ಬಂದು ನಿಂತಿತು.

"ಇದೇನು, ಈ ಕಡೆ ಕಿವಿನೇ ಇಲ್ಲ? ಮೊದ್ಲೇ ಒಂದ್ಸಲ ಹಬೆ ಹೊಡ್ದು ಹೋಗಿತ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೊಟ್ಟೆ ತಣ್ಣಗಿಟ್ಟುಕೊಂಡು ಬಸ್ಸು ಹತ್ತಬಹುದಿತ್ತು. ಆದರೆ ಜಗಲಿಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಇಲ್ಲ ಕಣಕ್ಕ. ಅದನ್ನ ಕತ್ತರಿಸ್ದೋನು ನಾನು. ನಮ್ಮಣ್ಣ ಬಂದು ಕೇಳ್ದಾಗ, ತಲೆ ಮೇಲಿನ ಪಟದಾಗೆ ಇಟ್ಕಂಡೇ, 'ಇಲ್ಲ' ಅಂದೋನೂ ನಾನೇ. ಅವನು ಇದ್ದಾಗ ಹೇಳ್ಲಿಲ್ಲ. ತಪ್ಪಾಯ್ತಕ್ಕ. ಅವನಿಗೂ ತಪ್ಪು ಮಾಡ್ದೆ, ನಿಮಗೂ ತಪ್ಪು ಮಾಡ್ದೆ. ತಪ್ಪಾಯ್ತು."