ಜರಡಿ ಮೇಡಂ ಮತ್ತು ಹಾಸಿಗೆ ದಾವೆ

ವಕೀಲರ ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಜರಡಿ ಮೇಡಂ ಎನ್ನುತ್ತಿದ್ದರು. ಸಿವಿಲ್ ದಾವೆಗಳಲ್ಲಿ ಕಕ್ಷಿದಾರರ ಫೋನು, ಕಂಪ್ಯೂಟರುಗಳನ್ನು ನಕಲು ಮಾಡಿಸಿ, ಮೇಲ್ ಮೆಸೇಜುಗಳನ್ನೆಲ್ಲ ಓದಿ, ಸಂಬಂಧಪಟ್ಟದ್ದನ್ನು ಬೇರ್ಪಡಿಸುವುದು ಆಕೆಯ ಕೆಲಸ. ಬೇರ್ಪಡಿಸಿದ್ದನ್ನು ಎದುರು ಪಕ್ಷಕ್ಕೂ ಕೊಡಬೇಕು, ತಮಗೇ ಮುಳುವಾಗುವಂಥದ್ದನ್ನೂ ಸೇರಿಸಿ. ಈ ಮಾತು ಕೇಳಿದ ಕಕ್ಷಿದಾರರ ಮುಖ ಹರಳೆಣ್ಣೆ ಕುಡಿದಂತಾಗುವುದನ್ನು ನೋಡಿ ನೋಡಿ ಆಕೆಗೆ ರೂಢಿಯಾಗಿತ್ತು.

ಮನೆಯಲ್ಲಿ ಅತ್ತೆಗೆ ಈ ಕೆಲಸದ ಮೇಲೆ ಗೌರವವಿರಲಿಲ್ಲ. ಊರವರ ಜಗಳ ಓದುವುದಕ್ಕೆ ಸಂಬಳ ಬೇರೆ ಕೇಡು ಎನ್ನುತ್ತಿದ್ದರು. ಆದರೆ ಈಗ ಯಾರ ಜಗಳ ನಡೆದಿದೆ ಎಂದು ಸುತ್ತಿ ಬಳಸಿ ಕೇಳುವುದನ್ನು ಬಿಡುತ್ತಿರಲಿಲ್ಲ. ಸೊಸೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪಾಟೀಸವಾಲು ಎಂದರೇನೆಂದು ಆಕೆ ಕಲಿತದ್ದು ಕೋರ್ಟಿನಲ್ಲಲ್ಲ, ಊಟಕ್ಕೆ ಕೂತಲ್ಲಿ.

ಹಾಗಿರುವಾಗ ಹಾಸಿಗೆ ಕಾರ್ಖಾನೆಯ ದಾವೆ ಬಂತು. ಭಾವ, ಬಾಮೈದ ಪಾಲುದಾರರು. ಬಾಮೈದ ಅದೇ ಹೆಸರಿನಲ್ಲಿ ಇನ್ನೊಂದು ಕಾರ್ಖಾನೆ ತೆರೆದಿದ್ದ. ಭಾವ ಒಪ್ಪಿದ್ದರು ಎಂಬುದು ಅವನ ವಾದ. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದು ಭಾವ ದಾವೆ ಹೂಡಿದ್ದರು. ಒಬ್ಬರಿಗೆ ಹೆಂಡತಿಯೂ ಇನ್ನೊಬ್ಬನಿಗೆ ಅಕ್ಕನೂ ಆಗಿದ್ದು, ಇಬ್ಬರನ್ನೂ ಸುಮ್ಮನಿರಿಸುತ್ತಿದ್ದ ಹೆಂಗಸು ಅಷ್ಟರಲ್ಲಿ ತೀರಿಕೊಂಡಿದ್ದಳು.

ಆಫೀಸಿನ ಕಕ್ಷಿದಾರ ಬಾಮೈದ. ಏನನ್ನೂ ಅಳಿಸಕೂಡದೆಂದು ಅವನಿಗೆ ಮೊದಲೇ ಪತ್ರ ಹೋಗಿತ್ತು. ಅವನ ಫೋನಿನ ನಕಲಿನಲ್ಲಿ ಸ್ಪಂಜಿನ ವ್ಯಾಪಾರಿ, ಲಾರಿ ಚಾಲಕ, ಕ್ಷೌರದಂಗಡಿಯವನು ಎಲ್ಲರ ಜತೆಗಿನ ಮಾತೂ ಇತ್ತು. ಅಕ್ಕನ ಜತೆಗಿನದು ಮಾತ್ರ ಖಾಲಿ. ಜರಡಿ ಮೇಡಂ ಅವನನ್ನೇ ಕರೆಸಿ ಕೇಳಿದಳು.

"ಅದ್ರಲ್ಲಿ ಭಾವನ್ನ ಬಾಯಿಗೆ ಬಂದ ಹಾಗೆ ಬೈದಿದ್ದೆ," ಎಂದ. "ಕೋರ್ಟಲ್ಲಿ ಓದಿದ್ರೆ ಮರ್ಯಾದೆ ಏನಾಗ್ಬೇಕು? ಅಳಿಸ್ದೆ."

"ಯಾವಾಗ?"

"ನಿಮ್ಮ ಪತ್ರ ಬಂದ್ಮೇಲೆ. ಅದನ್ನ ಓದಿದ್ಮೇಲೇ ನೆನಪಾಗಿದ್ದು."

ಆಕೆ ಹೋಗಿ ವಕೀಲರಿಗೆ ತಿಳಿಸಿದಳು. ವಕೀಲರು ಹಣೆ ಹಣೆ ಚಚ್ಚಿಕೊಂಡರು. ಅಳಿಸಿದ್ದನ್ನು ಮುಚ್ಚಿಟ್ಟರೆ, ಅದರಲ್ಲಿ ಇವನಿಗೆ ವಿರುದ್ಧವಾದದ್ದೇ ಇತ್ತೆಂದು ನ್ಯಾಯಾಧೀಶರು ಎಣಿಸಬಹುದು. ಎದುರು ಪಕ್ಷಕ್ಕೆ ಹೇಳಲೇಬೇಕಾಯಿತು. ಬಾಮೈದ ಕೆಂಡಾಮಂಡಲವಾಗಿ, ಆ ಹೆಂಗಸನ್ನು ತನ್ನ ಕೇಸಿನಿಂದ ತೆಗೆಯಬೇಕೆಂದು ಹಟ ಹಿಡಿದ. ವಕೀಲರು ತೆಗೆಯಲಿಲ್ಲ. ಲಾರಿ ಚಾಲಕನ ಮೆಸೇಜುಗಳನ್ನು ಓದಲು ಬೇರೆ ಯಾರೂ ಒಪ್ಪಿರಲಿಲ್ಲ.

ಮೆಸೇಜು ಎಂದರೆ ಎರಡು ಕಡೆ ಇರುವಂಥದ್ದಲ್ಲವೇ, ಅಕ್ಕನ ಫೋನು ಎಲ್ಲಿ ಎಂದು ಕೇಳಿದವಳು ಜರಡಿ ಮೇಡಂ. ಫೋನು ಕಳೆದುಹೋಯಿತೆಂದು ಭಾವ ಹೇಳಿಬಿಟ್ಟಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಇದೆ ಎಂದರು. ತಾವೇ ತಂದರು. ನಕಲು ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಅವರ ವಕೀಲರು ಪಕ್ಕದಲ್ಲಿ ತೂಕಡಿಸುತ್ತಿದ್ದರು.

ಏನೂ ಅಳಿಸಿಹೋಗುವುದಿಲ್ಲ, ಹೊರಗೆ ಕೂತಿರಬಹುದು ಎಂದಳು ಆಕೆ.

"ದಿನಾ ಚಾರ್ಜ್ ಮಾಡ್ತೀನಿ," ಎಂದರು ಭಾವ. "ಯಾರೂ ಫೋನ್ ಮಾಡಲ್ಲ, ಆದ್ರೂ ಮಾಡ್ತೀನಿ. ಒಳಗೆ ಏನಿದೆ ಅಂತ ಓದಿಲ್ಲ. ಅಕ್ಕ ತಮ್ಮ ಮಾತಾಡ್ಕೊಂಡಿದ್ದು ನಂಗ್ಯಾಕೆ?"

ಓದುವ ಕೆಲಸ ಆಕೆಯದಾಯಿತು. ಆಸ್ಪತ್ರೆಯ ಮಾತು, ಮೊಣಕಾಲು ನೋವಿನ ಮಾತು, ಭಾವನಿಗೆ ಬಿದ್ದ ಬೈಗುಳ ಎಲ್ಲ ದಾಟಿದ ಮೇಲೆ ಅಕ್ಕನ ಈ ಮೆಸೇಜು ಸಿಕ್ಕಿತು: "ಹೊಸ ಫ್ಯಾಕ್ಟರಿಗೆ ಇವ್ರು ಒಪ್ಪಿದಾರೆ. ಆದ್ರೆ ನೀನೇ ಬಂದು ಒಂದ್ಮಾತು ಕೇಳ್ಬೇಕಂತೆ. ಕೇಳು, ಬಾಯಿಂದ ಮುತ್ತೇನೂ ಉದುರಲ್ಲ."

ಬಾಮೈದ ಅಳಿಸಿದ್ದು ತನ್ನ ಕೈಯಲ್ಲಿದ್ದ ಒಂದೇ ಒಳ್ಳೆಯ ಸಾಕ್ಷಿಯನ್ನು. ಮೊದಲ ವಾಕ್ಯ ತಮ್ಮ ಪರ ಎಂದು ಅವನ ವಕೀಲರು, ಎರಡನೆಯದು ತಮ್ಮ ಪರ ಎಂದು ಭಾವನ ವಕೀಲರು ಬೀಗಿದರು. ಬಾಮೈದನಿಗೆ ತೋರಿಸಿದಾಗ ಅವನು ಅದನ್ನು ಎರಡೆರಡು ಸಲ ಓದಿದ.

"ಒಪ್ಪಿದಾರೆ ಅನ್ನೋದಷ್ಟೇ ನೋಡಿ ಹೊರಟ್ಬಿಟ್ಟೆ," ಎಂದ ಕೊನೆಗೆ. "ಮಿಕ್ಕಿದ್ದು ಅಕ್ಕನ ಉಪದೇಶ ಅನ್ಕೊಂಡೆ." ಆಮೇಲೆ, ಅಕ್ಕನ ಮೆಸೇಜುಗಳನ್ನೆಲ್ಲ ತನ್ನ ಫೋನಿಗೆ ಹಾಕಿಕೊಡಲು ಆಗುತ್ತದೆಯೇ ಎಂದ.

"ಅದು ನಿಮ್ಮ ಭಾವನೋರದು," ಎಂದಳು ಜರಡಿ ಮೇಡಂ. "ಅವರನ್ನೇ ಕೇಳಿ."

ಅವನು ಹೊರಗೆ ಹೋಗಿ ಫೋನು ಮಾಡಿದ. ಮಾರನೆಯ ದಿನ ಭಾವ ಬಂದರು. ವಕೀಲರಿಬ್ಬರೂ ಹೊರಗುಳಿದರು, ಒಳಗೆ ಮೇಜಿನ ಮೇಲೆ ಅಕ್ಕನ ಫೋನಿಟ್ಟುಕೊಂಡು ಇಬ್ಬರೂ ಮೊದಲಿನಿಂದ ಓದಿದರು. ಬೈಗುಳ ಬಂದಾಗ ಬಾಮೈದ ಫೋನನ್ನು ಮಗುಚಿ ಇಟ್ಟನಂತೆ. ಭಾವ ಮತ್ತೆ ತಿರುಗಿಸಿ ಪೂರ್ತಿ ಓದಿ, ಇದರಲ್ಲಿ ಸುಳ್ಳೇನಿಲ್ಲ ಎಂದರಂತೆ.

ಕೆಲವು ದಿನಗಳಲ್ಲಿ ರಾಜಿಯಾಯಿತು. ಎರಡು ಕಾರ್ಖಾನೆಗೂ ಅದೇ ಹೆಸರು ಉಳಿಯಿತು. ಜರಡಿ ಮೇಡಂಗೆ ಯಾರೂ ಧನ್ಯವಾದ ಹೇಳಲಿಲ್ಲ. ಆಕೆ ನಿರೀಕ್ಷಿಸಿಯೂ ಇರಲಿಲ್ಲ. ದಾವೆ ಮುಗಿದ ಮೇಲೆ ನಕಲುಗಳನ್ನು ನಾಶ ಮಾಡಬೇಕೆಂಬುದು ನಿಯಮ. ಸ್ಪಂಜಿನ ವ್ಯಾಪಾರಿ, ಲಾರಿ ಚಾಲಕ ಸಲೀಸಾಗಿ ಹೋದರು. ಅಕ್ಕನ ಸರದಿ ಬಂದಾಗ, ಮುಖ ಕೂಡ ನೋಡಿರದ ಆ ಹೆಂಗಸು ತನ್ನವರೇ ಯಾರೋ ಎನಿಸಿ ಆಕೆಯ ಕೈ ತಡೆಯಿತು. ಎದ್ದು ಹೋಗಿ ಮುಖ ತೊಳೆದು ಬಂದಳು. ಆಮೇಲೆ ಅಳಿಸಿ, ಅಳಿಸಿದ್ದೇನೆಂದು ಸಹಿ ಹಾಕಿ ಬಸ್ಸಿಗೆ ಹೊರಟಳು.